ತಮ್ಮನ ರಕ್ತದಿಂದ ಮೆದುಳಿನ ಕೋಶ ಬೆಳೆಸುತ್ತಾರಂತೆ, ಕೊಡಬಹುದಾ?

ಹೊಸನಗರದ ಹತ್ತಿರದವರು ಅಂತ ಬರೆದಿದ್ದೀರಿ. ತಮ್ಮನಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ತೀರಾ ಕುಗ್ಗುವ ಸ್ಥಿತಿಗೆ ಹೋಗುವುದು), ಅದಕ್ಕೆ ಲಿಥಿಯಂ ಮಾತ್ರೆ ನಡೆಯುತ್ತಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಸಂಶೋಧನೆಗೆ ರಕ್ತ ಕೇಳಿ, "ಇನ್‌ಕ್ಯುಬೇಟರ್‌ನಲ್ಲಿ ಮೆದುಳಿನ ಕೋಶ ಬೆಳೆಸುತ್ತೇವೆ" ಅಂದರಂತೆ. ಕೊಡಬಹುದಾ, ಅವನಿಗೆ ಇದರಿಂದ ವಾಸಿಯಾಗುತ್ತಾ ಅಂತ ಕೇಳಿದ್ದೀರಿ.

ಕೊಡಬಹುದು. ಆದರೆ ಅದರಿಂದ ತಮ್ಮನಿಗೆ ವಾಸಿಯಾಗುವುದಿಲ್ಲ. ಇವೆರಡರಲ್ಲಿ ಒಂದನ್ನೇ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ನಾನು ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಇಂಥ ಕೋಶಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ.

ಲಿವರ್, ಕಿಡ್ನಿ ಕಾಯಿಲೆಯಾದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಮಾನಸಿಕ ಕಾಯಿಲೆಗೆ ಅಂತ ಬದುಕಿರುವವರ ಮೆದುಳಿಗೆ ಕೈ ಹಾಕಲು ಆಗಲ್ಲ ಅಲ್ವಾ? ಇದಕ್ಕೊಂದು ದಾರಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ, ಅದನ್ನು ಯಾವ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಮೊದಲಿನ ಸ್ಥಿತಿಗೆ, ಅಂದರೆ ಸ್ಟೆಮ್ ಸೆಲ್ ಸ್ಥಿತಿಗೆ ತಂದರು. ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ನೊಬೆಲ್ ಬಂತು. ಈಗ ರಕ್ತದ ಕೋಶದಿಂದಲೂ ಹೀಗೆ ಶುರು ಮಾಡಿ ನರಕೋಶ ಬೆಳೆಸುತ್ತಾರೆ. ಅದರೊಳಗೆ ಇರುವುದು ನಿಮ್ಮ ತಮ್ಮನ ಜೀನ್‌ಗಳೇ.

ಇನ್ನು ಅವರು ಹೇಳಿದ ಇನ್‌ಕ್ಯುಬೇಟರ್, ಕೋಶಗಳನ್ನು ಇಟ್ಟು ಬೆಳೆಸುವ ಪೆಟ್ಟಿಗೆ. ಹೊರಗಿಂದ ಸಣ್ಣ ಫ್ರಿಜ್ಜಿನಷ್ಟಿರುತ್ತೆ, ಒಳಗೆ ಮಾತ್ರ ದೇಹದ ಬಿಸಿ, 37 ಡಿಗ್ರಿ. ತಳದಲ್ಲಿ ಒಂದು ತಟ್ಟೆ ನೀರು ಇಟ್ಟಿರುತ್ತಾರೆ, ಕೋಶಗಳ ಆಹಾರದ ದ್ರವ ಆರಿಹೋಗದಿರಲಿ ಅಂತ. ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಒಳಗೆ ಶೇಕಡಾ 5ರಷ್ಟು ಇರುವಂತೆ ನೋಡಿಕೊಳ್ಳುತ್ತಾರೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 0.04 ಅಷ್ಟೇ. ಈ ಅನಿಲವೂ ದ್ರವದಲ್ಲಿರುವ ಬೈಕಾರ್ಬನೇಟೂ ಸೇರಿ ದ್ರವದ ಹುಳಿ-ಕ್ಷಾರ ಹೆಚ್ಚುಕಡಿಮೆ ಆಗದಂತೆ ಹಿಡಿದಿಡುತ್ತವೆ. ದ್ರವಕ್ಕೆ ಒಂದು ಬಣ್ಣ ಹಾಕಿರುತ್ತಾರೆ. ಕೆಂಪಗಿದ್ದರೆ ಸರಿ. ಹಳದಿಗೆ ತಿರುಗಿದರೆ ಹುಳಿ ಜಾಸ್ತಿ, ನೇರಳೆ ಕಡೆ ಹೋದರೆ ಅನಿಲ ಸಾಲುತ್ತಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಮ್ಮ ಕಣ್ಣು ಹೋಗುತ್ತಿದ್ದದ್ದು ಆ ಬಣ್ಣದ ಮೇಲೆ.

ದೊಡ್ಡ ಶತ್ರು ಬೂಷ್ಟು. ಆಷಾಢದಲ್ಲಿ ನಮ್ಮ ಕಡೆ ಗೋಡೆ, ಬೆಲ್ಟು, ಚಪ್ಪಲಿಗೆಲ್ಲ ಹಿಡಿಯುತ್ತಲ್ಲ, ಅದೇ ಜಾತಿಯದು. ಕೋಶಕ್ಕೆ ಹಿತವಾದ ಬಿಸಿ, ತೇವ ಅದಕ್ಕೂ ಹಿತ. ಒಳಗೆ ಸೇರಿತೆಂದರೆ ತಿಂಗಳುಗಟ್ಟಲೆ ಸಾಕಿದ ಕೋಶಗಳನ್ನು ಎಸೆಯಬೇಕು. ನರಕೋಶ ಪಕ್ವವಾಗಲು ನಿಜವಾಗಿಯೂ ತಿಂಗಳುಗಳೇ ಬೇಕು. ಸ್ಟೆಮ್ ಸೆಲ್ ಹಂತದಲ್ಲಂತೂ ಹೆಚ್ಚುಕಡಿಮೆ ದಿನಾ ಆಹಾರ ಬದಲಿಸಬೇಕು, ಹಬ್ಬ-ಭಾನುವಾರ ಅಂತಿಲ್ಲ. ಯಾರದೋ ಮನೆಯವರು ನಂಬಿ ಕೊಟ್ಟ ರಕ್ತ ಅದು, ಹಾಗೆಯೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? ನಿಮಗೆ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. ಅಮೆರಿಕದ ಸಾಲ್ಕ್ ಸಂಸ್ಥೆಯವರು ಬೈಪೋಲಾರ್ ಇರುವವರ ಕೋಶದಿಂದ ನರಕೋಶ ಬೆಳೆಸಿದರು. ಅವು ಬೇರೆಯವರ ನರಕೋಶಕ್ಕಿಂತ ಜಾಸ್ತಿ ಉದ್ರೇಕಗೊಳ್ಳುತ್ತಿದ್ದವು. ಲಿಥಿಯಂ ಹಾಕಿದರು. ಯಾರಿಗೆ ಲಿಥಿಯಂನಿಂದ ಗುಣ ಕಂಡಿತ್ತೋ ಅವರ ಕೋಶ ಮಾತ್ರ ತಣ್ಣಗಾಯಿತು. ಇದು ಪ್ರಕಟವಾದದ್ದು 2015ರಲ್ಲಿ. ಇಂಥ ಕಾಯಿಲೆಗೆ ಈಗಿನ ರೀತಿಯ ಲಿಥಿಯಂ ಬಳಕೆ ಶುರುವಾದದ್ದು 1949ರಲ್ಲಿ. ಇವತ್ತಿಗೂ ಯಾರಿಗೆ ಅದು ಹಿಡಿಸುತ್ತೆ ಅಂತ ಕೊಟ್ಟು ನೋಡಿಯೇ ತಿಳಿಯಬೇಕು. ಮೊದಲೇ ತಿಳಿಯುವಂತಾದರೆ ಎಷ್ಟು ಮನೆಗಳಲ್ಲಿ ಎಷ್ಟು ಸಂಕಟ ತಪ್ಪೀತು! ನಾನು ಈ ಕೆಲಸವನ್ನು ನಂಬುವುದು ಅದಕ್ಕೇ.

ಮಿತಿಯೂ ಇದೆ. ಈ ಕೋಶಗಳು ಇನ್ನೂ ಹುಟ್ಟದ ಮಗುವಿನ ನರಕೋಶಗಳಷ್ಟು ಎಳೆಯವು. ನಿಮ್ಮ ತಮ್ಮ ಕಂಡ ಕಷ್ಟ, ನಿದ್ದೆಗೆಟ್ಟ ರಾತ್ರಿ, ಮನೆಯ ಚಿಂತೆ ಯಾವುದೂ ಕೋಶ ಬೆಳೆಸುವ ತಟ್ಟೆಯಲ್ಲಿಲ್ಲ.

ನಿಮ್ಮ ರಕ್ತವನ್ನೂ ಕೇಳಬಹುದು, ಗಾಬರಿಯಾಗಬೇಡಿ. ಒಂದೇ ಮನೆಯಲ್ಲಿ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ, ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಸೇರಿ ಇಂಥ ಕುಟುಂಬಗಳ ಅಧ್ಯಯನವನ್ನೇ ನಡೆಸಿವೆ.

ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ, ಲಿಥಿಯಂ ಮಟ್ಟದ ರಕ್ತ ಪರೀಕ್ಷೆ ತಪ್ಪಿಸಬೇಡಿ. "ಸ್ಟೆಮ್ ಸೆಲ್ ಇಂಜೆಕ್ಷನ್‌ನಲ್ಲಿ ವಾಸಿ ಮಾಡ್ತೀವಿ" ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಮಾನಸಿಕ ಕಾಯಿಲೆಗೆ ಅಂಥ ಒಪ್ಪಿತ ಚಿಕಿತ್ಸೆಯೇ ಇಲ್ಲ. ಮಧ್ಯೆ ತುರ್ತು ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನಿಮ್ಮ ತಮ್ಮ. ಅವರು ಆರಾಮಾಗಿರುವ ಹೊತ್ತಲ್ಲಿ ಕೂತು ಮಾತಾಡಿ. ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ಕೋಶ ಎಷ್ಟು ವರ್ಷ ಇಡುತ್ತಾರೆ, ಹೆಸರು ಹೇಗೆ ಮರೆಮಾಡುತ್ತಾರೆ, ಮುಂದೆ ಬೇಡ ಅನಿಸಿದರೆ ಏನು ಮಾಡುತ್ತಾರೆ ಅಂತ ಕೇಳಿ. ಒಲ್ಲೆ ಅಂದರೂ ಅವರ ಚಿಕಿತ್ಸೆಗೆ ಏನೂ ತೊಂದರೆ ಆಗಬಾರದು, ಅದು ನಿಯಮ.