ಪ್ರತಿ ವರ್ಷ ಒಂದೇ ಥರ ಚೆನ್ನಾಗಿರುವ ಕ್ಯಾಬರ್ನೆಯಲ್ಲಿ ಮೆಚ್ಚೋದು ಏನಿದೆ?

ನೀವು ಕೇಳಿರೋದು ಇಷ್ಟು: ಹಳೇ ವೈನರಿಗಳ ಕ್ಯಾಬರ್ನೆ ಸೊವಿನ್ಯೋ (ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್) ಯಾವ ವರ್ಷದ್ದು ತಗೊಂಡರೂ ಚೆನ್ನಾಗಿಯೇ ಇರುತ್ತದೆ, ಹಾಗಾದರೆ ಅದರಲ್ಲಿ ಮೆಚ್ಚೋಕೆ ಏನಿದೆ, ಹೊಸಬರದ್ದು ಹುಡುಕಿ ಕುಡಿಯೋದೇ ಮಜಾ ಅಲ್ವಾ ಅಂತ. ನಾನು ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ. ವೈನ್ ನನ್ನ ಕಸುಬಲ್ಲ, 15 ವರ್ಷದಿಂದ ಅಂಟಿಕೊಂಡಿರುವ ಪ್ರೀತಿ. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಕಾಫಿ ಕಣದಲ್ಲೇ.

ಅರೇಬಿಕಾ ಕುಯ್ಲು ಶುರುವಾದರೆ ದಿನಾ ಸಂಜೆ ಚೀಲ ಸುರಿದು ಹಣ್ಣು ಆರಿಸುತ್ತೇವೆ. ಕೆಂಪಗೆ ಹಣ್ಣಾಗಿದ್ದು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹೋಗಿ, ತೊಳೆದು ಒಣಗಿಸಿದ ಮೇಲೆ ಪಾರ್ಚ್‌ಮೆಂಟ್ ಆಗುತ್ತದೆ. ಹಸಿರು ಕಾಯಿ, ಗಿಡದಲ್ಲೇ ಒಣಗಿದ್ದು ಎಲ್ಲಾ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ, ಬೆಲೆ ಕಡಿಮೆಯ ಮಾಲಿಗೆ. ಹೂಮಳೆ ಹದವಾಗಿ ಬಿದ್ದ ವರ್ಷ ಈ ಕೆಲಸ ಸಲೀಸು. ಮಳೆ ಕೈಕೊಟ್ಟು ಹೂವು ಎರಡು ಮೂರು ಸಲ ಬಿಟ್ಟರೆ ಒಂದೇ ಗೊಂಚಲಲ್ಲಿ ಹಣ್ಣೂ ಇರುತ್ತದೆ, ಕಾಯಿಯೂ ಇರುತ್ತದೆ. ಅಂಥ ವರ್ಷವೂ ಪಾರ್ಚ್‌ಮೆಂಟ್ ಹೋದ ವರ್ಷದಷ್ಟೇ ಚೆನ್ನಾಗಿರಬೇಕು ಅಂದರೆ ಮನಸ್ಸು ಗಟ್ಟಿ ಮಾಡಿಕೊಂಡು ಜಾಸ್ತಿ ಮಾಲನ್ನು ಚೆರಿಗೆ ತಳ್ಳಬೇಕು. ಆ ವರ್ಷ ದುಡ್ಡು ಕಡಿಮೆಯೇ.

ಹಳೇ ವೈನರಿಗಳು ಮಾಡೋದೂ ಇದನ್ನೇ. ಫ್ರಾನ್ಸಿನ ಬೋರ್ಡೋದಲ್ಲಿ ಲಾಟೂರ್ ಅಂತ ಒಂದು ತೋಟ ಇದೆ. (ನಾವು ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೂ ಆ ಸೀಮೆಯ ದ್ರಾಕ್ಷಿ ತೋಟಗಳಲ್ಲೇ.) ಬೋರ್ಡೋ ವೈನ್ ತೋಟಗಳಿಗೆ ದರ್ಜೆ ಕೊಟ್ಟ 1855ರ ವರ್ಗೀಕರಣದಲ್ಲೇ ಮೊದಲ ದರ್ಜೆ ಪಡೆದ ತೋಟ ಅದು. ಅಲ್ಲಿ ಮುಖ್ಯ ವೈನಿನ ಮಟ್ಟಕ್ಕೆ ಬರದ ಪೀಪಾಯಿಗಳು 'ಲೆ ಫೋರ್ ದ ಲಾಟೂರ್' ಎಂಬ ಎರಡನೇ ವೈನಿಗೆ ಹೋಗುತ್ತವೆ. ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್‌ನವರು ಇನ್ನೂ ಖಡಕ್. 1964ರಲ್ಲಿ ಶುರುವಾದ ಅವರ ಬಿನ್ 707 ಕ್ಯಾಬರ್ನೆ 2011ರಲ್ಲಿ ಬರಲೇ ಇಲ್ಲ. ಹಣ್ಣು ಮನಸ್ಸಿಗೆ ಬರಲಿಲ್ಲ, ಆ ಹೆಸರಲ್ಲಿ ಬಾಟಲಿ ತುಂಬಲಿಲ್ಲ, ಅಷ್ಟೇ. ಸಾಲದ ಕಂತು ಕಟ್ಟಬೇಕಾದ ಹೊಸಬರಿಗೆ ಇದು ಕಷ್ಟ. ಅವರನ್ನು ನಾನು ದೂರುವುದಿಲ್ಲ.

ಕ್ಯಾಬರ್ನೆ ಬೇರೆ ಹಟಮಾರಿ ಹಣ್ಣು. ಚಿಕ್ಕ ಕಾಳು, ದಪ್ಪ ಸಿಪ್ಪೆ, ಹಣ್ಣಾಗೋದು ತಡ. ವೈನಿಗೆ ಒಗರು ಬರೋದು ಹೆಚ್ಚಾಗಿ ಸಿಪ್ಪೆ, ಬೀಜದಿಂದ. ಬಿಸಿಲು ಸಾಲದೆ ಹೋದರೆ ವೈನಿನಲ್ಲಿ ದಪ್ಪ ಮೆಣಸಿನಕಾಯಿ ಹೆಚ್ಚಿದ ಹಾಗೆ ಹಸಿ ವಾಸನೆ ನಿಲ್ಲುತ್ತದೆ. ಬಿಸಿಲು ಜಾಸ್ತಿಯಾದರೆ ಜಾಮ್ ಥರ ಆಗಿಬಿಡುತ್ತದೆ. ಇಂಥ ಹಣ್ಣಿನಿಂದ ವರ್ಷ ವರ್ಷವೂ ನಂಬಿಕೆ ಉಳಿಸಿಕೊಳ್ಳೋದು ಸುಮ್ನೆ ಮಾತಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಕ್ಯಾಲಿಫೋರ್ನಿಯಾದ ರಿಡ್ಜ್ ವೈನರಿಯ ಮಾಂಟೆ ಬೆಲ್ಲೊ ಕ್ಯಾಬರ್ನೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ನಡೆಸಿದ ಪ್ರಸಿದ್ಧ ವೈನ್ ರುಚಿ ಪರೀಕ್ಷೆಯಲ್ಲಿ ಕೆಂಪು ವೈನ್‌ಗಳ ಪೈಕಿ ಗೆದ್ದಿದ್ದು ಸ್ಟ್ಯಾಗ್ಸ್ ಲೀಪ್‌ನ 1973ರ ಕ್ಯಾಬರ್ನೆ. ಎಲ್ಲರಿಗೂ ನೆನಪಿರೋದು ಅದೇ. ರಿಡ್ಜ್‌ನ 1971ರ ವೈನ್ ಅಂದು ಐದನೇ ಸ್ಥಾನದಲ್ಲಿತ್ತು. 30 ವರ್ಷ ಬಿಟ್ಟು 2006ರಲ್ಲಿ ಅವೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಿದಾಗ ಮೊದಲು ಬಂದಿದ್ದು ಆ ಐದನೆಯದು! ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು 'ಒಂದೇ ಥರ' ಅನ್ನೋ ಮಾತು. ಎರಡು ವರ್ಷದ ಹಿಂದೆ ಆಸ್ಟ್ರೇಲಿಯಾದಲ್ಲಿರುವ ನಮ್ಮ ಭಾವ, ಅಲ್ಲಿನ ಕೂನವಾರಾ ಸೀಮೆಯ ವಿನ್ಸ್ ಎಂಬ ವೈನರಿಯ ಬ್ಲ್ಯಾಕ್ ಲೇಬಲ್ ಕ್ಯಾಬರ್ನೆ ಎರಡು ಬಾಟಲಿ ತಂದಿದ್ದರು, ಬೇರೆ ಬೇರೆ ವರ್ಷದ್ದು. ಸುಣ್ಣಕಲ್ಲಿನ ಮೇಲೆ ಕೂತ ಕೆಮ್ಮಣ್ಣಿನ ನೆಲ ಅದು, 1954ರಿಂದ ಬರುತ್ತಿರುವ ವೈನ್. ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಗೆಳೆಯರ ಮನೆಗೆ ಹೋಗುವಾಗ ಎರಡನ್ನೂ ಒಯ್ದೆ. ಪಂದಿ ಕರಿ, ಕಡಂಬುಟ್ಟು ಬಡಿಸಿದ್ದರು. ಒಂದು ಗ್ಲಾಸಿನಲ್ಲಿ ನೇರಳೆ ಹಣ್ಣು ಮುಂದಾಗಿತ್ತು, ಮೈತುಂಬಿಕೊಂಡಿತ್ತು. ಇನ್ನೊಂದು ತೆಳು, ಪುದೀನದಂಥ ತಂಪು. ಆದರೆ ನುಂಗಿದ ಮೇಲೆ ಎರಡರಲ್ಲೂ ಅದೇ ಒಗರು, ಆಗಷ್ಟೇ ಕೆತ್ತಿದ ಪೆನ್ಸಿಲ್ಲಿನ ಅದೇ ಪರಿಮಳ. ಗೆಳೆಯನ ತಾಯಿ ಒಂದೊಂದು ಗುಟುಕು ಕುಡಿದು, "ಅಕ್ಕ ತಂಗಿ ಇದ್ದ ಹಾಗಿದೆ" ಅಂದರು. ಹವಾಮಾನ ಬದಲಾದರೂ ಮನೆಯ ಗುರುತು ಉಳಿದಿರುತ್ತದಲ್ಲ, ನಾನು ಮೆಚ್ಚೋದು ಅದನ್ನೇ. ಒಂದೇ ಬಾಟಲಿ ಕುಡಿದರೆ ಇದು ತಿಳಿಯೋದಿಲ್ಲ.

ಅಂದ ಹಾಗೆ ಪಂದಿ ಕರಿಗೆ ಕ್ಯಾಬರ್ನೆ ಬಹಳ ಒಪ್ಪುತ್ತದೆ. ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ, ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿಗೆ ವೈನಿನ ಹಣ್ಣಿನ ರುಚಿ ಎದ್ದು ಕಾಣುತ್ತದೆ. ಖಾರ ಮಾತ್ರ ಸ್ವಲ್ಪ ಹಿಡಿತದಲ್ಲಿರಲಿ, ಇಲ್ಲದಿದ್ದರೆ ಒಗರು ನಾಲಿಗೆಗೆ ಒರಟಾಗುತ್ತದೆ.

ದುಬಾರಿಯದ್ದೇ ಆಗಬೇಕು ಅಂತೇನಿಲ್ಲ. ನಮ್ಮ ರಾಜ್ಯದ್ದೇ ಇದೆ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್‌ನವರ ಲಾ ರಿಸರ್ವ್ ಎಂಬ ವೈನ್ ಇದೆ, ಕ್ಯಾಬರ್ನೆಗೆ ಶಿರಾಜ್ ಎಂಬ ಇನ್ನೊಂದು ದ್ರಾಕ್ಷಿ ಬೆರೆಸಿ ಮಾಡಿದ್ದು. ನಮ್ಮ ದೇಶದ ಮಟ್ಟಿಗೆ ಹಳೇ ಹೆಸರು. ಚಿಲಿಯ ಕೊಂಚಾ ಇ ತೊರೊ 1883ರಿಂದ ಇದೆ, ಅವರ ಕ್ಯಾಸಿಲ್ಲೆರೊ ದೆಲ್ ಡಿಯಾಬ್ಲೊ ಕ್ಯಾಬರ್ನೆಯೂ ನಂಬಿಕೆಯದ್ದು. ಯಾವುದೇ ತಗೊಳ್ಳಿ, ಒಂದೇ ವೈನರಿಯ ಎರಡು ವರ್ಷದ ಬಾಟಲಿ ತಗೊಳ್ಳಿ. ಒಂದೇ ದಿನ, ಪಕ್ಕಪಕ್ಕ ಇಟ್ಟುಕೊಂಡು ಕುಡಿಯಿರಿ.

ಕಾರ್ಕ್ ಇರುವ ಬಾಟಲಿಯನ್ನು ಅಡ್ಡ ಮಲಗಿಸಿ, ಅಡುಗೆಮನೆಯಿಂದ ದೂರ ಇಡಿ. ನಮ್ಮ ಕಡೆ ಮಳೆಗಾಲದಲ್ಲಿ ಲೇಬಲ್ಲಿಗೆ ಬೂಸ್ಟು ಹಿಡಿಯುತ್ತದೆ, ನಾನು ನ್ಯೂಸ್‌ಪೇಪರ್ ಸುತ್ತಿ ಇಡುತ್ತೇನೆ. ಊಟಕ್ಕೆ ಒಂದು ಗಂಟೆ ಮೊದಲೇ ತೆರೆಯಿರಿ. 16ರಿಂದ 18 ಡಿಗ್ರಿ ಇದ್ದರೆ ಚೆನ್ನ. ಜುಲೈ ತಿಂಗಳ ರಾತ್ರಿ ಮಡಿಕೇರಿಯಲ್ಲಿ ಇದ್ದರೆ ಫ್ರಿಜ್ ಬೇಕಾಗಿಲ್ಲ. ಬೇಸಿಗೆಯಾದರೆ 20 ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.