ನಾಲ್ಕನೇ ತಿಂಗಳು ಶುರುವಾದ ಮೇಲೆ ಏನೇನು ಬದಲಾಗುತ್ತದೆ?

ಹೆಂಡತಿಗೆ 14ನೇ ವಾರ, ವಾಂತಿ ನಿಂತಿದೆ, ಮಗು ಇನ್ನೂ ಒದೆಯುತ್ತಿಲ್ಲ, ಎಲ್ಲಾ ಸರಿ ಇದೆಯಾ ಅಂತ ಕೇಳಿದ್ದೀರಿ.

ಇಷ್ಟಕ್ಕೆ ಗಾಬರಿ ಬೇಡ. ಈ ಹೊತ್ತಿಗೆ ಹೆಚ್ಚಿನವರಿಗೆ ವಾಕರಿಕೆ ಇಳಿದು ಹಸಿವು ಮರಳುತ್ತದೆ. ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದವರೇ ಇನ್ನೊಂದು ರೊಟ್ಟಿ ಕೇಳುತ್ತಾರೆ. ಮಗು ಆಗಲೇ ಒಳಗೆ ಕೈಕಾಲು ಆಡಿಸುತ್ತಿರುತ್ತದೆ. ಆದರೆ ನೆತ್ತಿಯಿಂದ ಕುಂಡಿವರೆಗೆ ಬರೀ 8-9 ಸೆಂಟಿಮೀಟರ್ ಅಲ್ವಾ, ತಾಯಿಗೆ ಗೊತ್ತಾಗುವುದಿಲ್ಲ. ಚೊಚ್ಚಲ ಬಸಿರಾದರೆ ಮೊದಲ ಮಿಸುಕಾಟ ಸಾಮಾನ್ಯವಾಗಿ 18ರಿಂದ 20ನೇ ವಾರಕ್ಕೆ. ಅದೂ ಒದೆತದ ಹಾಗಿರುವುದಿಲ್ಲ. ಹೊಟ್ಟೆಯಲ್ಲಿ ಗ್ಯಾಸ್ ಗುಳುಗುಳು ಅಂದ ಹಾಗೆ ಇರುತ್ತದೆ, ಎಷ್ಟೋ ಜನ ಗ್ಯಾಸೇ ಅಂದುಕೊಳ್ಳುತ್ತಾರೆ!

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಈಗ ಶುರುವಾಗುತ್ತವೆ. ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಬಿಡಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು. ಮಲ ಕಪ್ಪಗಾದರೆ ಅದು ಮಾತ್ರೆಯದೇ ಬಣ್ಣ.

ಥಟ್ಟನೆ ಎದ್ದಾಗ ತೊಡೆಸಂದಿಯಲ್ಲಿ ಚುಳ್ ಅನ್ನಬಹುದು. ಗರ್ಭಕೋಶ ದೊಡ್ಡದಾಗುವಾಗ ಅದನ್ನು ಹಿಡಿದ ನಾರು ಹಿಗ್ಗುವುದರಿಂದ ಹಾಗೆ. ಆದರೆ ರಕ್ತ ಕಂಡರೆ, ನೀರು ಸೋರಿದರೆ, ಜ್ವರ, ಉರಿಮೂತ್ರ ಅಥವಾ ಬಿಡದ ಹೊಟ್ಟೆನೋವು ಬಂದರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಹೋಗಿ.

18ರಿಂದ 20ನೇ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇರುತ್ತದೆ. ರಜೆ ಹಾಕಿ ನೀವೂ ಹೋಗಿ, ತಾಯಿ ಕಾರ್ಡ್ ಮರೆಯಬೇಡಿ. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರ ಕಾಯ್ದೆ ಪ್ರಕಾರ ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಹೋಗುವುದೂ ಅಪರಾಧ.