ನಿಂತು ಹೋದ ಬೋರಿಂಗ್ ಮುಚ್ಚುವ ಬಗೆ: ಕೊಪ್ಪಳ–ರಾಯಚೂರು ಕಡೆಯ ಉತ್ತರ

ಓಣಿಗೊಂದು ಕೈಪಂಪು ನಿಂತಿದೆ, ಯಾರೂ ನೀರು ಹೊಡೆಯುವುದಿಲ್ಲ, ಹಾಗಿದ್ದರೆ ಕಿತ್ತು ಹಾಕಬಾರದೇಕೆ ಎಂದು ಕೇಳಿದ್ದೀರಿ. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಬೋರಿಂಗ್ (ಕೈಪಂಪಿನ ಕೊಳವೆಬಾವಿ) ನಿಂತಿದ್ದು ಫ್ಲೋರೈಡ್‌ನಿಂದ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಬರುವುದಿಲ್ಲ. ನಲ್ಲಿ ಬಂದ ಮೇಲೆ ಅವನ್ನು ಕೇಳುವವರಿಲ್ಲ. ಆದರೆ ಗಟ್ಟಿಯಾಗಿ ನಿಂತ ಪಂಪು ತೂತಿಗೆ ಮುಚ್ಚಳವೂ ಹೌದು. ಕಬ್ಬಿಣದ ಆಸೆಗೆ ಅದನ್ನು ಕಿತ್ತ ದಿನದಿಂದಲೇ ಅಪಾಯ ಶುರು. ಆದ್ದರಿಂದ ಪಂಪು ಕೀಳುವುದು, ತೂತು ಮುಚ್ಚುವುದು ಎರಡೂ ಒಂದೇ ದಿನ ಆಗಬೇಕು.

ಮೊದಲು ಗ್ರಾಮ ಪಂಚಾಯಿತಿಯ ಠರಾವು ಬೇಕು. ಪಂಪು ಸಾರ್ವಜನಿಕ ಆಸ್ತಿ, ಗುಜರಿ ಹರಾಜಿನ ದುಡ್ಡು ಪಂಚಾಯಿತಿಗೇ ಸೇರಬೇಕು. ಮೋಟರ್ ಇದ್ದ ಬೋರಾದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಕೊಟ್ಟು ಸಂಪರ್ಕ ರದ್ದು ಮಾಡಿಸಿ. ಇಲ್ಲದಿದ್ದರೆ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಇರುವುದು ಇಂಡಿಯಾ ಮಾರ್ಕ್–2 ಪಂಪು. ಇದರ ಸಿಲಿಂಡರ್ (ಕೆಳಗೆ ಪಿಸ್ಟನ್ ಆಡುವ ಕೊಳವೆ) ನೀರು ಮೇಲೆ ತರುವ ಪೈಪಿಗಿಂತ ದಪ್ಪ. ಹಾಗಾಗಿ ರಾಡನ್ನು ಮಾತ್ರ ಎಳೆದರೆ ಪಿಸ್ಟನ್ ಮೇಲೆ ಬರುವುದಿಲ್ಲ, 3 ಮೀಟರಿನ ಪೈಪುಗಳನ್ನು ಒಂದೊಂದಾಗಿ ರಾಡ್ ಸಮೇತ ಎತ್ತಿ ಬಿಚ್ಚಬೇಕು. 45 ಮೀಟರ್ ಇಳಿಸಿದ್ದರೆ 15 ಪೈಪು. ಒಳಗಿನ ನೀರೂ ಸೇರಿ ತೂಕ ಎರಡು ಕ್ವಿಂಟಲ್ ಮುಟ್ಟುತ್ತದೆ. ಪೈಪನ್ನು ಹಿಡಿದಿಡುವ ಕ್ಲಾಂಪ್ ಜಾರಿದರೆ ಇಡೀ ಸಾಲು ತೂತಿನೊಳಕ್ಕೆ ಹೋಗುತ್ತದೆ. ಆಮೇಲೆ ಕೆಳಗಿನವರೆಗೆ ತುಂಬಿಸುವುದೂ ಕಷ್ಟ.

ನಿಜವಾದ ಕೆಲಸ ತುಂಬಿಸುವುದೇ. 6 ಇಂಚಿನ ಬೋರು 200 ಅಡಿ ಇದ್ದರೆ ಸುಮಾರು 40 ಘನ ಅಡಿ ಸಾಮಗ್ರಿ ಸಾಕು, ಅರ್ಧ ಟ್ರ್ಯಾಕ್ಟರ್ ಟ್ರೇಲರ್ ಕೂಡ ಬೇಡ. ಇಷ್ಟು ಅಗ್ಗದ ಕೆಲಸವನ್ನು ಬಿಟ್ಟುಬಿಡುವುದಕ್ಕೆ ಯಾವ ನೆಪವೂ ಇಲ್ಲ. ದಪ್ಪ ಮರಳು, ಬೋರು ಕೊರೆದಾಗ ಬಂದ ಕಲ್ಲಿನ ಪುಡಿ ಒಳ್ಳೆಯವು. ಒಂದು ಇಂಚಿಗಿಂತ ದೊಡ್ಡ ಕಲ್ಲು ಬೇಡ. ನಡುವೆ ಸಿಕ್ಕಿಕೊಂಡರೆ ಕೆಳಗೆ ಪೊಳ್ಳು ಉಳಿದು, ಮಳೆಗಾಲದಲ್ಲಿ ಮೇಲಿನದೆಲ್ಲ ಕುಸಿಯುತ್ತದೆ. ಎರೆ ಮಣ್ಣಿನ ಹೆಂಟೆಯದೂ ಅದೇ ಕಥೆ: ನೀರು ತಾಗಿ ಉಬ್ಬಿ ಗೋಡೆಗೆ ಅಂಟುತ್ತದೆ. 15 ಲೀಟರಿನ ನಾಲ್ಕು ಬಕೆಟ್ ಸುರಿದರೆ ಮಟ್ಟ ಹತ್ತು ಅಡಿಗಿಂತ ತುಸು ಹೆಚ್ಚು ಏರಬೇಕು. ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ನೋಡಿ. ಅದಕ್ಕಿಂತ ತೀರಾ ಹೆಚ್ಚು ಏರಿದ್ದರೆ ಎಲ್ಲೋ ಸಿಕ್ಕಿದೆ ಎಂದರ್ಥ. ಅಲ್ಲೇ ನಿಲ್ಲಿಸಿ, ಭಾರದ ರಾಡು ಇಳಿಸಿ ಕುಟ್ಟಿ ಬಿಡಿಸಬೇಕು.

ತೂತಿನ ಬಾಯಿ ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪನ್ನು ಮುಂದಿನ ಬೋರಿಗೆ ಬೇಕೆಂದು ಮೊದಲೇ ಎಳೆಯುವ ರೂಢಿ ಬಹಳ ಕೆಟ್ಟದ್ದು. ಇಲ್ಲಿ ಕೇಸಿಂಗ್ ಇರುವುದು ಮೇಲಿನ ಮೆತ್ತನೆ ಪದರಕ್ಕೆ ಮಾತ್ರ, ಕೆಳಗೆಲ್ಲ ಬರೀ ಕಲ್ಲು. ಅದನ್ನು ತೆಗೆದರೆ ಬಾಯಿ ಕುಸಿದು ಅಗಲವಾಗುತ್ತದೆ. ಪಕ್ಕದ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ತೆರೆದ ಬೋರಿಗೆ ಬಿದ್ದ ಪುಟ್ಟ ಮಗುವನ್ನು ಜೀವಂತವಾಗಿ ಮೇಲೆತ್ತಲು ಸುಮಾರು 20 ತಾಸು ಹಿಡಿಯಿತು.

ಎಲ್ಲ ಬೋರನ್ನೂ ತುಂಬಿಸಬೇಕಾಗಿಲ್ಲ. ಬಟ್ಟೆಗೆ, ಪಾತ್ರೆಗೆ ನೀರು ಬರುವಂತಿದ್ದರೆ ಉಳಿಸಿ, ‘ಕುಡಿಯಲು ಯೋಗ್ಯವಲ್ಲ’ ಎಂದು ಕೆಂಪು ಬಣ್ಣದಲ್ಲಿ ಬರೆಸಿ. ತಾತ್ಕಾಲಿಕವಾಗಿ ನಿಲ್ಲಿಸುವುದಾದರೆ ಕೇಸಿಂಗ್ ಬಾಯಿಗೆ ಕಬ್ಬಿಣದ ತಗಡು ಬೆಸುಗೆ ಹಾಕಿಸಿ, ಇಲ್ಲವೇ ನಟ್ಟು–ಬೋಲ್ಟಿನಿಂದ ಮುಚ್ಚಳ ಬಿಗಿಸಿ. ಮೇಲೆ ಗೋಣಿಚೀಲ, ಚಪ್ಪಡಿ ಇಟ್ಟರೆ ಮುಚ್ಚಿದಂತಲ್ಲ. ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಸಿಮೆಂಟ್ ಕಟ್ಟೆ ಇರಬೇಕು, ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೂ 30. ಸುಪ್ರೀಂ ಕೋರ್ಟಿನ 2010ರ ಮಾರ್ಗಸೂಚಿಯಲ್ಲಿ ಇದೇ ಅಳತೆ ಇದೆ. ಕಟ್ಟೆ ಇಲ್ಲದಿದ್ದರೆ ಚರಂಡಿ ನೀರು ಕೇಸಿಂಗ್ ಪಕ್ಕದಿಂದ ಇಳಿದು ಅಕ್ಕಪಕ್ಕದ ಬೋರುಗಳನ್ನೂ ಕೆಡಿಸುತ್ತದೆ.

ಪೂರ್ತಿ ತುಂಬಿಸಿದ ಬೋರನ್ನು ಮೊದಲ ದೊಡ್ಡ ಮಳೆಯ ನಂತರ ಮತ್ತೆ ನೋಡಬೇಕು. ಅಡಿ ಎರಡಡಿ ಇಳಿದಿದ್ದರೆ ಇನ್ನಷ್ಟು ತುಂಬಿಸಿ ಕುಟ್ಟಿ, ಆಮೇಲೆ ಕಾಂಕ್ರೀಟ್ ಹಾಕಿ. ತುಂಬಿಸಿದ ತಾರೀಖು, ಆಳ, ಜಾಗದ ಗುರುತನ್ನು ಪಂಚಾಯಿತಿ ರಿಜಿಸ್ಟರಿನಲ್ಲಿ ಬರೆಸಿ.